ಏಳನೇ ವಾಲ್ವ್: ಅಂಚಿನಲ್ಲಿ ಬರೆದ ಅಂಕಿ

"ಇಲ್ಲೊಂದು ಸಹಿ, ಕೆಳಗೆ ಇನ್ನೊಂದು. ಅಷ್ಟೇ ಕೆಲಸ," ಎಂದು ಇನ್ಸ್‌ಪೆಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದು ಕಾಗದದ ಮೇಲಿಟ್ಟರು.

ಸೀಸೆಯಕ್ಕ ಪೆನ್ನು ಮುಟ್ಟಲಿಲ್ಲ. ತೊಳೆದ ಸೀಸೆಗಳನ್ನು ಒಂದೊಂದಾಗಿ ಬೋರಲು ಹಾಕುತ್ತಲೇ ಕೇಳಿದಳು. "ಏನಂತ ಬರೆದಿದೆ ಅದ್ರಲ್ಲಿ?"

"ಓದಿ ನೋಡಿ."

"ಕೈ ಒದ್ದೆ ಇದೆ. ನೀವೇ ಓದಿ, ಪುಣ್ಯ ಬರುತ್ತೆ."

ಇನ್ಸ್‌ಪೆಕ್ಟರಮ್ಮ ಕನ್ನಡಕ ಏರಿಸಿ ಓದಿದರು. ಗುಡ್ಡದ ಬಾವಿಗಳಿಂದ ಊರಿಗೆ ಬರುವ ಮೀಸಲು ಕೊಳವೆಯನ್ನು ಮೂರು ವರ್ಷದಲ್ಲಿ ಆರು ಸಲ ಡ್ರಿಲ್, ಅಂದರೆ ತುರ್ತು ತಾಲೀಮು, ನಡೆಸಿ ಪರೀಕ್ಷಿಸಲಾಗಿದೆ. ಆರು ಸಲವೂ ಏಳನೇ ವಾಲ್ವ್ ತೆರೆದು ಹಿಡಿದ ನೀರು ಪ್ರಯೋಗಾಲಯಕ್ಕೆ ಬಂದಿದೆ. ಆರು ಸಲವೂ ಅದು ಕುಡಿಯಲು ಯೋಗ್ಯವೆಂದು ಪ್ರಯೋಗಾಲಯದ ಪರೀಕ್ಷಕಿಯಾದ ನಾನು ಸಹಿ ಮಾಡಿರುತ್ತೇನೆ. ಆದ್ದರಿಂದ ಕೊಳವೆ ಸುಸ್ಥಿತಿಯಲ್ಲಿತ್ತು.

"ಆದ್ದರಿಂದ," ಎಂದಳು ಸೀಸೆಯಕ್ಕ. "ಆದ್ದರಿಂದ ತಪ್ಪು ಕೊಳವೇದಲ್ಲ, ವಾಲ್ವ್ ತಿರುಗಿಸಿದವನದು. ಅದನ್ನ ಯಾಕೆ ಬಿಟ್ರಿ? ಜಾಗ ಇತ್ತಲ್ಲ."

"ಅದನ್ನ ಕೋರ್ಟು ಬರೆಯುತ್ತೆ. ಮೂರು ಗಂಟೆಗೆ."

ಗೋಡೆಯ ಗಡಿಯಾರದಲ್ಲಿ ಆಗ ಹತ್ತೂವರೆ. ಹೊಳೆಯ ಪಂಪ್‌ಹೌಸ್ ಪ್ರವಾಹದಲ್ಲಿ ಮುಳುಗಿ ಅಂದಿಗೆ ಒಂಬತ್ತು ದಿನ. ಅಂಥ ಹೊತ್ತಿಗೆಂದೇ ಗುಡ್ಡದ ಊಟೆ ಬಾವಿಗಳಿಂದ ಮೀಸಲು ಕೊಳವೆ ಎಳೆದಿಟ್ಟಿತ್ತು. ಏಳನೇ ವಾಲ್ವ್ ತಿರುಗಿಸಿದರೆ ಸಾಕು, ಕರೆಂಟಿನ ಹಂಗಿಲ್ಲದೆ ನೀರು ತಾನಾಗಿ ಊರಿಗೆ ಇಳಿಯಬೇಕು. ಇಳಿಯಲಿಲ್ಲ. ಎರಡು ದಿನ ಆಸ್ಪತ್ರೆಯ ನಲ್ಲಿಗಳು ಒಣಗಿ, ಡಯಾಲಿಸಿಸ್ ನಿಂತು, ಇಬ್ಬರು ಸತ್ತರು. ವಾಲ್ವ್ ತಿರುಗಿಸಿದ್ದ ನೀರುಗಂಟಿ ಲಾಕಪ್ಪಿನಲ್ಲಿದ್ದ. ಅವನು ಸೀಸೆಯಕ್ಕನ ಒಡಹುಟ್ಟಿದ ತಮ್ಮ.

ಕುಡಿದು ಬಂದು, ವಾಲ್ವನ್ನು ಉಲ್ಟಾ ತಿರುಗಿಸಿ, ಅದನ್ನು ತಿರುಗಿಸುವ ಕಂಬಿ, ಸ್ಪಿಂಡಲ್, ಮುರಿದ ಎಂಬುದು ಆರೋಪ. ಮುರಿದ ಸ್ಪಿಂಡಲ್ ಮೊಹರು ಹಾಕಿದ ಚೀಲದಲ್ಲಿ ಠಾಣೆಯಲ್ಲಿತ್ತು.

ತಮ್ಮ ಕುಡಿಯುತ್ತಾನೆ, ಸುಳ್ಳಲ್ಲ. ಆದರೆ ಇಪ್ಪತ್ತೆರಡು ವರ್ಷ ವಾಲ್ವ್ ತಿರುಗಿಸಿದವನು ಉಲ್ಟಾ ತಿರುಗಿಸುವುದೆಂದರೆ ತುತ್ತನ್ನು ಕಿವಿಗೆ ಇಟ್ಟುಕೊಂಡ ಹಾಗೆ. ಅಷ್ಟು ಕುಡಿದಿದ್ದರೆ ವಾಲ್ವ್‌ವರೆಗೆ ನಡೆದೇ ಹೋಗುತ್ತಿರಲಿಲ್ಲ. ನಿನ್ನೆ ಲಾಕಪ್ಪಿನ ಸರಳಿನ ಆಚೆ ನಿಂತು ಅವನು ಹೇಳಿದ್ದು ಇಷ್ಟೇ: "ಪೂರ್ತಿ ತೆಗೆದೆ ಅಕ್ಕ. ನೀರಿರಲಿ, ಗಾಳೀನೂ ಬರ್ಲಿಲ್ಲ. ಇನ್ನೂ ತಿರುಗುತ್ತೇನೋ ಅಂತ ಒತ್ತಿದೆ. ಮುರೀತು." ಆಮೇಲೆ ನೆಲ ನೋಡುತ್ತ ನಿಂತುಬಿಟ್ಟ. ನಾಚಿಕೆ ಎಂದುಕೊಂಡು ಅವಳೂ ಕೆದಕಲಿಲ್ಲ.

ಬೆಳಿಗ್ಗೆ ತಮ್ಮನ ಹೆಂಡತಿ ಫೋನು ಮಾಡಿದ್ದಳು. "ಅತ್ತಿಗೆ, ಮೂರು ಗಂಟೆ ಅಂದ್ರೆ ಮೂರೇ ಗಂಟೇನಾ? ಸ್ವಲ್ಪ ತಡ ಆಗೋದೂ ಉಂಟಲ್ಲ ಅಲ್ಲೆಲ್ಲ?" ಸೀಸೆಯಕ್ಕ ಫೋನಿಟ್ಟಾಗ ಉಳಿದದ್ದು ಬರೀ ಸಿಟ್ಟು.

ಅವಳು ಕೈ ಒರೆಸಿಕೊಂಡಳು. "ನಾನು ಬರೆದದ್ದನ್ನ ನಾನೇ ನೋಡದೆ ಸಹಿ ಹಾಕಲ್ಲ. ತಪ್ಪು ತಿಳ್ಕೋಬೇಡಿ, ಇದು ನನ್ನ ಚಾಳಿ."

"ನೋಡಿ. ಆದ್ರೆ ಬೇಗ."

ಕಪಾಟಿನ ಮೇಲಿನ ಹಲಗೆಯಿಂದ ಹಳೇ ದಾಖಲೆ ಪುಸ್ತಕಗಳು ಕೆಳಗಿಳಿದವು. ನೀರಿನ ಇಲಾಖೆಯ ಈ ಪ್ರಯೋಗಾಲಯದಲ್ಲಿ ಅವಳದು ಇಪ್ಪತ್ತಾರು ವರ್ಷದ ಸೇವೆ. ದಿನಕ್ಕೆ ಮೂವತ್ತು ಸೀಸೆ ತೊಳೆದು, ತುಂಬಿಸಿ, ಪರೀಕ್ಷಿಸಿ, ಮತ್ತೆ ತೊಳೆದು ಅವಳ ಹೆಸರೇ ಸೀಸೆಯಕ್ಕ ಎಂದಾಗಿಬಿಟ್ಟಿತ್ತು. ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು.

ಮೊದಲನೇ ಡ್ರಿಲ್ ಸಿಕ್ಕಿತು. ರೋಗಾಣು: ಇಲ್ಲ. ಕ್ಲೋರಿನ್: ಸರಿ. ಎರಡನೇದು ಸಿಕ್ಕಿತು. ಅದೂ ಸರಿ. ಮೂರನೇದು ಹುಡುಕಿ ಪುಟ ತಿರುವಿದವಳು ಅಲ್ಲೇ ನಿಂತಳು. ಹಿಂದಕ್ಕೆ ಹೋದಳು. ಮತ್ತೆ ಮುಂದಕ್ಕೆ ಬಂದಳು.

"ಏನಾಯ್ತು?"

"ಒಂದ್ನಿಮಿಷ ಸುಮ್ನಿರಿ ಮೇಡಂ."

ಪೊಲೀಸರಿಗೆ ಸುಮ್ಮನಿರಿ ಎಂದವರು ಆ ಊರಿನಲ್ಲಿ ಹೆಚ್ಚಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಸುಮ್ಮನಾದರು.

ಅವಳ ಬೆರಳು ಪುಟದ ಅಂಚಿನಲ್ಲಿತ್ತು. ಅಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಪುಟ್ಟ ಅಂಕಿ. ಇಲಾಖೆಯ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ, ಯಾರೂ ಕೇಳಿಯೂ ಇಲ್ಲ. ದಿನಾ ಬೆಳಿಗ್ಗೆ ಕೈಗೆ ಸಿಕ್ಕ ಮೊದಲ ಸೀಸೆಗೆ ಟಿಡಿಎಸ್ ಮೀಟರ್ ಅದ್ದಿ, ಮೀಟರಿಗೆ ಜೀವ ಇದೆಯೋ ಇಲ್ಲವೋ ನೋಡುವುದು ಅವಳ ಅಭ್ಯಾಸ. ಫಿಲ್ಟರ್ ಮಾರುವವರು ಮನೆಮನೆಗೆ ತಂದು, ಅದ್ದಿ, ಹೆಂಗಸರನ್ನು ಹೆದರಿಸುತ್ತಾರಲ್ಲ, ಅದೇ ಮೀಟರ್. ನೀರಿನಲ್ಲಿ ಕರಗಿದ ಉಪ್ಪು ಸುಣ್ಣ ಎಷ್ಟೆಂದು ಅಂಕಿಯಲ್ಲಿ ತೋರಿಸುತ್ತದೆ. ಡ್ರಿಲ್ ಇದ್ದ ದಿನ ಡ್ರಿಲ್ಲಿನ ಸೀಸೆಯೇ ಮೊದಲು ಬರುತ್ತಿತ್ತು. ಅಂಕಿ ಮೂಡಿತೇ? ಮೂಡಿತು. ಬದುಕಿದೆ. ಅಂಚಿನಲ್ಲಿ ಗೀಚು, ಮುಂದೆ ನಡೆ.

ಮೊದಲ ಡ್ರಿಲ್ಲಿನ ಅಂಚಿನಲ್ಲಿ ಆರುನೂರ ಹನ್ನೆರಡು. ಎರಡನೇದರಲ್ಲಿ ಆರುನೂರ ಎಂಟು. ಮೂರನೇದರಲ್ಲಿ ಎಂಬತ್ತೆಂಟು. ನಾಲ್ಕರಲ್ಲಿ ತೊಂಬತ್ತೊಂದು. ಐದರಲ್ಲಿ ಎಂಬತ್ತಾರು. ಆರರಲ್ಲಿ ತೊಂಬತ್ತು.

"ಮೇಡಂ, ನಿಮ್ಮನೆಗೆ ಹೊಳೆ ನೀರು ಬರುತ್ತೋ, ಬೋರಿಂದೋ?"

"ಬೋರು. ಕೆಟಲ್ ಒಳಗೆಲ್ಲ ಬಿಳೀ ಪೊರೆ ಕಟ್ಟುತ್ತೆ. ಯಾಕೆ?"

"ಗುಡ್ಡದ ಬಾವಿ ನೀರೂ ಹಾಗೇ. ಸುಣ್ಣದ ನೀರು. ಆರುನೂರಕ್ಕೆ ಕಮ್ಮಿ ಬರಲ್ಲ, ಮಳೆಗಾಲ ಆಗ್ಲಿ, ಬೇಸಿಗೆ ಆಗ್ಲಿ. ಹೊಳೆ ನೀರು ತೊಂಬತ್ತರ ಹತ್ರ." ಅವಳು ಪುಸ್ತಕಗಳನ್ನು ತಿರುಗಿಸಿ ಅವರ ಮುಂದಿಟ್ಟಳು. "ಎರಡು ಸೀಸೆ ಗುಡ್ಡದ್ದು. ಆಮೇಲಿನ ನಾಲ್ಕೂ ಹೊಳೇದು. ಚೀಟಿ ಮೇಲೆ ಮಾತ್ರ ಏಳನೇ ವಾಲ್ವ್."

ಇನ್ಸ್‌ಪೆಕ್ಟರಮ್ಮ ಆರೂ ಅಂಕಿಗಳನ್ನು ತಮ್ಮ ಡೈರಿಗೆ ಬರೆದುಕೊಂಡರು. ಕಾಗುಣಿತ ಕಲಿಯುವ ಮಗುವಿನಷ್ಟು ನಿಧಾನವಾಗಿ. ಆಮೇಲೆ ತಲೆ ಎತ್ತಿದರು. "ಅಂದ್ರೆ ಎರಡು ವರ್ಷದಿಂದ ಡ್ರಿಲ್ಲೇ ಆಗಿಲ್ಲ."

"ಕಾಗದದ ಮೇಲೆ ಆಗಿದೆ."

"ಇದು ನಿಮಗೆ ಆಗ್ಲೇ ಗೊತ್ತಾಗ್ಬೇಕಿತ್ತಲ್ಲ?"

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಇಪ್ಪತ್ತಾರು ವರ್ಷ ಊರಿನ ನೀರು ಕಾದವಳು ತನ್ನದೇ ಪೆನ್ಸಿಲ್ಲಿನ ಅಂಕಿಯನ್ನು ಓದಿರಲಿಲ್ಲ. ಮೀಟರ್ ಬದುಕಿದೆಯೋ ಎಂದು ನೋಡಿದಳು, ಮೀಟರ್ ಏನು ಹೇಳುತ್ತಿದೆ ಎಂದು ನೋಡಲಿಲ್ಲ. ಅಂಥ ಪೆದ್ದುತನವನ್ನು ಬೇರೆ ಯಾರಾದರೂ ಮಾಡಿದ್ದರೆ ಅವಳು ನಾಲ್ಕು ದಿನ ಬೈದಿರುತ್ತಿದ್ದಳು.

"ಗೊತ್ತಾಗ್ಬೇಕಿತ್ತು," ಎಂದಳು. "ಆಗ್ಲಿಲ್ಲ. ಈಗ ಆಗಿದೆ. ಆ ಪೆನ್ನಿನ ಮುಚ್ಚಳ ಹಾಕಿ ಮೇಡಂ, ಇಂಕು ಒಣಗುತ್ತೆ. ಈ ಕಾಗದಕ್ಕೆ ನಾನು ಸಹಿ ಹಾಕಲ್ಲ."

* * *

ನಕ್ಷೆ ಸಾಹೇಬರ ಕೋಣೆ ಎರಡನೇ ಮಹಡಿಯಲ್ಲಿತ್ತು. ಇಲಾಖೆಯ ಯೋಜನೆಗಳನ್ನೆಲ್ಲ ರೂಪಿಸುವ ಎಂಜಿನಿಯರ್ ಅವರು. ನಡೆಯುವಾಗಲೂ ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ ಇರುತ್ತಿದ್ದುದರಿಂದ ಆ ಹೆಸರು. ಮೇಜಿನ ಹಿಂದೆ ಗಾಜಿನ ಚೌಕಟ್ಟಿನಲ್ಲಿ ಒಂದು ಪ್ರಶಸ್ತಿ, ಮೇಜಿನ ಮೇಲೆ ಆ ಪ್ರಶಸ್ತಿ ತಂದುಕೊಟ್ಟ ಪುಸ್ತಕ: ಆಪತ್ಕಾಲದ ಕುಡಿಯುವ ನೀರಿನ ಯೋಜನೆ, ಇನ್ನೂರ ಹದಿನಾಲ್ಕು ಪುಟ, ಬಣ್ಣದ ನಕ್ಷೆಗಳ ಸಮೇತ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ಸಾಲು: ಬೆಂಕಿ ಬಿದ್ದಾಗ ಬಾವಿ ತೋಡಬಾರದು.

ಪುಸ್ತಕ ಕೆಟ್ಟದ್ದೇನಲ್ಲ. ಆಸ್ಪತ್ರೆಗೆ ಮೊದಲು ನೀರು, ಆಮೇಲೆ ಶಾಲೆಗೆ, ಎಷ್ಟು ದಿನದ ಕ್ಲೋರಿನ್ ಕೂಡಿಡಬೇಕು, ಟ್ಯಾಂಕರ್ ಯಾವ ದಾರಿ ಹಿಡಿಯಬೇಕು, ಎಲ್ಲ ಇತ್ತು. ಸೀಸೆಯಕ್ಕ ಅದನ್ನು ಎರಡು ಸಲ ಓದಿ ಮೆಚ್ಚಿದ್ದಳು ಕೂಡ. ಆ ಮೆಚ್ಚುಗೆ ನೆನಪಾಗಿ ಈಗ ಇನ್ನಷ್ಟು ಉರಿಯಿತು.

ಸಾಹೇಬರು ದಾಖಲೆ ಪುಸ್ತಕಗಳನ್ನು ನೋಡಿದರು. ಗಾಬರಿಯಾಗಲಿಲ್ಲ. ಕುರ್ಚಿಗೆ ಒರಗಿ ಮೆಲ್ಲಗೆ ಮಾತಾಡಿದರು.

"ಅಕ್ಕ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ತಮ್ಮ ಅಂದ್ಮೇಲೆ ಕರುಳು ಕೇಳಲ್ಲ. ಆದ್ರೆ ಪೆನ್ಸಿಲ್ಲಲ್ಲಿ ಬರೆದದ್ದು ಸಾಕ್ಷಿ ಆಗುತ್ತಾ? ಇವತ್ತು ಬೆಳಿಗ್ಗೆ ಬರೆದಿಲ್ಲ ಅಂತ ಏನು ಗ್ಯಾರಂಟಿ?"

"ದಿನಾ ಬರೆದಿದ್ದೀನಿ ಸಾರ್. ಇಪ್ಪತ್ತಾರು ವರ್ಷದ ಪ್ರತಿ ಪುಟದ ಅಂಚಲ್ಲೂ ಇದೆ. ಅಷ್ಟನ್ನೂ ಇವತ್ತು ಬೆಳಿಗ್ಗೆ ಬರೆಯೋಕೆ ನಾನೇನು ರಾಕ್ಷಸೀನಾ?"

ಇನ್ಸ್‌ಪೆಕ್ಟರಮ್ಮ ಕೆಮ್ಮಿದರು. ನಗು ಬಂದಾಗ ಅವರು ಕೆಮ್ಮುವುದು ಎಂದು ಸೀಸೆಯಕ್ಕನಿಗೆ ಆಗ ತಿಳಿಯಿತು.

"ಸಾರ್, ಒಂದು ಕೇಳ್ತೀನಿ. ನೀವು ಏಳನೇ ವಾಲ್ವ್ ಹತ್ರ ಕೊನೇ ಸಲ ಹೋಗಿದ್ದು ಯಾವಾಗ?"

"ಪ್ರವಾಹ ಆದ ಎರಡನೇ ದಿನ. ಮುರಿದ ಸ್ಪಿಂಡಲ್ ನೋಡೋಕೆ."

"ಅದಕ್ಕೆ ಮುಂಚೆ?"

"ನೋಡಿ, ಯೋಜನೆ ಮಾಡೋದು ನನ್ನ ಕೆಲಸ. ವಾಲ್ವ್ ತಿರುಗಿಸೋದಲ್ಲ." ಸ್ವರ ಸ್ವಲ್ಪ ಬಿಗಿಯಾಯಿತು. "ಪಂಪ್‌ಹೌಸ್ ಎತ್ತರಿಸಿ ಅಂತ ಮೂರು ಸಲ ಬರೆದವನು ನಾನು. ಮೀಸಲು ಕೊಳವೆ ಬೇಕೇಬೇಕು ಅಂತ ಹಟ ಹಿಡಿದವನು ನಾನು. ಡ್ರಿಲ್ ಕಡ್ಡಾಯ ಮಾಡಿದವನು ನಾನು."

"ಮತ್ತೆ ಡ್ರಿಲ್ ಆಗಿದೆಯಾ ಅಂತ ನೋಡದೇ ಇದ್ದವರೂ ನೀವೇ."

"ನೋಡೋಕೆ ನೀವಿದ್ರಲ್ಲ ಅಕ್ಕ." ಸಾಹೇಬರು ನಕ್ಕರು. ಡ್ರಾಯರ್ ಎಳೆದು ಒಂದು ನೀಲಿ ರಿಜಿಸ್ಟರ್ ತೆಗೆದು, ಗುರುತು ಹಾಕಿಟ್ಟಿದ್ದ ಪುಟ ಬಿಡಿಸಿದರು. "ಒಪ್ಪೋಣ. ಸೀಸೆಯಲ್ಲಿ ಹೊಳೆ ನೀರು ಇತ್ತು. ಆದ್ರೆ ಆ ಸೀಸೆ ತಾನೇ ನಡ್ಕೊಂಡು ಬರ್ಲಿಲ್ಲ. ಇಲ್ಲಿ ನೋಡಿ ಇನ್ಸ್‌ಪೆಕ್ಟರ್ ಮೇಡಂ, 'ಮಾದರಿ ತಂದವರು' ಅಂತ ಒಂದು ಕಾಲಂ ಇದೆ. ಮೂರನೇ ಡ್ರಿಲ್. ನಾಲ್ಕು. ಐದು. ಆರು. ಯಾರ ಸಹಿ ಅದು?"

ಸೀಸೆಯಕ್ಕನಿಗೆ ರಿಜಿಸ್ಟರ್ ನೋಡಬೇಕಾಗಿಯೇ ಇರಲಿಲ್ಲ. ಬಾಲ ಉದ್ದ ಎಳೆದ ಆ ಸಹಿಯನ್ನು ಅವನಿಗೆ ಕಲಿಸಿದ್ದೇ ಅವಳು, ಸ್ಲೇಟಿನ ಮೇಲೆ, ಅವನಿಗೆ ಏಳು ವರ್ಷವಾಗಿದ್ದಾಗ.

"ನಿಮ್ಮ ತಮ್ಮಂದು," ಎಂದರು ಸಾಹೇಬರು. "ಅವನೇ ಮೋಸ ಮಾಡಿ ತಂದ, ನೀವು ಕಣ್ಮುಚ್ಚಿ ಸಹಿ ಹಾಕಿದ್ರಿ. ವಾಲ್ವ್ ಮುರಿದದ್ದಕ್ಕೆ ಇದೂ ಸೇರಿತು. ಇಷ್ಟೊತ್ತು ಅವನೊಬ್ಬ ಇದ್ದ, ಈಗ ನೀವೂ. ಸುಮ್ನೆ ಆ ಹೇಳಿಕೆಗೆ ಸಹಿ ಹಾಕಿದ್ರೆ ನೀವಾದ್ರೂ ಉಳೀತಿದ್ರಿ."

ತಾನು ತೋಡಿದ ಗುಂಡಿಗೆ ತಾನೇ ಬಿದ್ದಳು ಎನ್ನುತ್ತಾರಲ್ಲ, ಹಾಗಾಗಿತ್ತು. ತಮ್ಮನನ್ನು ಬಿಡಿಸಲು ತಂದ ಪುಸ್ತಕ ಅವನ ಕೊರಳಿಗೇ ಬಿತ್ತು. ಇನ್ಸ್‌ಪೆಕ್ಟರಮ್ಮ ಅವಳನ್ನೇ ನೋಡುತ್ತಿದ್ದರು. ಅಳುತ್ತಾಳೋ, ಪುಸ್ತಕ ಎತ್ತಿಕೊಂಡು ಹೊರಡುತ್ತಾಳೋ ಎಂದು ಕಾಯುತ್ತಿದ್ದಂತಿತ್ತು.

ಸೀಸೆಯಕ್ಕ ಎರಡನ್ನೂ ಮಾಡಲಿಲ್ಲ. ಸಾಹೇಬರ ಮೇಜಿನಿಂದಲೇ ಒಂದು ಬಿಳಿ ಹಾಳೆ ಎಳೆದುಕೊಂಡಳು. ಅವರದೇ ಪೆನ್ನು ತೆಗೆದುಕೊಂಡಳು. ನಿಂತಲ್ಲೇ ಬಗ್ಗಿ ಬರೆಯತೊಡಗಿದಳು.

"ಏನ್ ಮಾಡ್ತಿದ್ದೀರಿ?"

"ಓದ್ತೀನಿ, ಕೇಳಿ." ಬರೆದು ಮುಗಿಸಿ ಅವಳು ನೆಟ್ಟಗೆ ನಿಂತಳು. "ಮೂರರಿಂದ ಆರನೇ ಡ್ರಿಲ್‌ವರೆಗೆ, ಹೊಳೆಯ ನೀರನ್ನು ಗುಡ್ಡದ ನೀರೆಂದು ನಾನು ಸಹಿ ಮಾಡಿದ್ದೇನೆ. ಅಂಕಿ ನನ್ನ ಕಣ್ಣೆದುರೇ ಇತ್ತು. ನೋಡಲಿಲ್ಲ. ತಪ್ಪು ನನ್ನದು. ಈ ನಾಲ್ಕೂ ಪ್ರಮಾಣಪತ್ರಗಳನ್ನು ನಾನೇ ರದ್ದು ಮಾಡುತ್ತಿದ್ದೇನೆ."

ಹಾಳೆಯನ್ನು ಇನ್ಸ್‌ಪೆಕ್ಟರಮ್ಮನ ಕೈಗೆ ಕೊಟ್ಟಳು.

"ನಿಮ್ಮ ಕೆಲಸ ಹೋಗುತ್ತೆ," ಎಂದರು ಸಾಹೇಬರು.

"ಹೋಗ್ಲಿ. ಸೀಸೆ ತೊಳೆಯೋದು ಕಲಿತವಳಿಗೆ ಪಾತ್ರೆ ತೊಳೆಯೋದು ಕಷ್ಟ ಅಲ್ಲ. ಆದ್ರೆ ಸಾರ್, ಈಗ ನೋಡಿ. ಕೊಳವೆ ಸರಿ ಇತ್ತು ಅನ್ನೋಕೆ ನಿಮ್ಮ ಹತ್ರ ಇದ್ದ ಸಾಕ್ಷಿ ನನ್ನ ಸಹಿ ಒಂದೇ. ಅದನ್ನ ನಾನು ವಾಪಸ್ ತಗೊಂಡೆ. ಇನ್ನು ಕೊಳವೆ ಸರಿ ಇತ್ತಾ ಅಂತ ಯಾರಿಗೂ ಗೊತ್ತಿಲ್ಲ. ನಿಮಗೂ ಇಲ್ಲ, ನನಗೂ ಇಲ್ಲ. ಗೊತ್ತಾಗೋಕೆ ದಾರಿ ಒಂದೇ." ಅವಳು ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿದಳು. "ಏಳನೇ ವಾಲ್ವಿನ ಹಿಂದೆ ಅಗೀಬೇಕು ಮೇಡಂ. ನನ್ನ ತಮ್ಮ ಸೀಸೆ ಬದಲಾಯಿಸಿರ್ಬಹುದು. ಕೊಳವೇನ ಜೇಬಲ್ಲಿ ಹಾಕ್ಕೊಂಡು ಹೋಗೋಕೆ ಆಗಲ್ಲ ಅವನಿಗೆ."

"ಅಲ್ಲಿ ಈಗ ಉದ್ಯಾನ ಇದೆ," ಎಂದರು ಸಾಹೇಬರು ತಟ್ಟನೆ. "ಎರಡು ವರ್ಷದ ಹಿಂದೆ ಟೈಲ್ಸ್ ಹಾಕಿಸಿದ್ದು. ಅಗೀಬೇಕಾದ್ರೆ ಪರವಾನಗಿ ಬೇಕು. ಅರ್ಜಿ ಕೊಟ್ರೆ ಹದಿನೈದು ದಿನ."

"ಪೊಲೀಸರು ಅಗೆಯೋಕೆ ಅರ್ಜಿ ಬೇಡ," ಎಂದು ಇನ್ಸ್‌ಪೆಕ್ಟರಮ್ಮ ಹಾಳೆಯನ್ನು ಮಡಚಿ ಡೈರಿಯೊಳಗಿಟ್ಟರು. "ಇಬ್ಬರು ಸತ್ತಿದ್ದಾರೆ. ಅಷ್ಟು ಸಾಕು."

ಸಾಹೇಬರು ಎದ್ದು ನಿಂತರು. ಕಂಕುಳಿಗೆ ನಕ್ಷೆ ಸೇರಿಸಿಕೊಂಡರು. ಒಂದು ಕ್ಷಣ ತಡೆದು ಕೇಳಿದರು.

"ಎಷ್ಟು ಆಳ ಅಗೀತೀರಿ?"

ಸೀಸೆಯಕ್ಕನ ಕಿವಿ ನೆಟ್ಟಗಾಯಿತು. ಎಲ್ಲಿ ಅಗೆಯುತ್ತೀರಿ ಎನ್ನಬಹುದಿತ್ತು. ಯಾಕೆ ಎನ್ನಬಹುದಿತ್ತು. ಟೈಲ್ಸ್ ಹಾಳಾಗುತ್ತದೆ ಎನ್ನಬಹುದಿತ್ತು. ಕೊಳವೆ ನಾಲ್ಕಡಿ ಕೆಳಗಿದೆ ಎಂದು ಅವರ ಪುಸ್ತಕದಲ್ಲೇ ಬರೆದಿದೆ. ಬರೆದವರೇ ಆಳ ಕೇಳುತ್ತಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ಅವಳಿಗೆ ನೆನಪಾಯಿತು.

"ಸಿಗೋವರೆಗೆ," ಎಂದಳು.

* * *

ಉದ್ಯಾನವೆಂದರೆ ನಾಲ್ಕು ಕಲ್ಲು ಬೆಂಚು, ಕೆಂಪು ಹಳದಿ ಟೈಲ್ಸಿನ ಕಾಲುದಾರಿ, ಎಡಗಡೆ ಆಳೆತ್ತರದ ಗೋಡೆ. ಮೂಲೆಯಲ್ಲಿ ಕಬ್ಬಿಣದ ಮುಚ್ಚಳ ಹೊತ್ತ ಏಳನೇ ವಾಲ್ವಿನ ಗುಂಡಿ. ಆಳುಗಳು ಬಂದು ಟೈಲ್ಸ್ ಎಬ್ಬಿಸಿದಾಗ ಒಂದು ಗಂಟೆಯಾಗಿತ್ತು. ಬೀದಿಯ ಜನ ಖಾಲಿ ಕೊಡಗಳನ್ನು ಹಿಡಿದೇ ಸುತ್ತ ಸೇರಿದರು. ಟ್ಯಾಂಕರಿಗೆ ಕಾದು ನಿಂತವರು ಅವರು, ಕಾಯುವುದನ್ನು ಎಲ್ಲಿ ಕಾದರೇನು.

ಸ್ಥಳದಲ್ಲೇ ಹೇಳಿಕೆ ಪಡೆಯಬೇಕೆಂದು ಇನ್ಸ್‌ಪೆಕ್ಟರಮ್ಮ ತಮ್ಮನನ್ನೂ ಜೀಪಿನಲ್ಲಿ ಕರೆಸಿದ್ದರು. ಅವನು ಇಳಿದ. ಒಂಬತ್ತು ದಿನದ ಗಡ್ಡ, ಮಾಸಿದ ಅಂಗಿ. ಅಕ್ಕನನ್ನು ನೋಡಿ ಕೈ ಎತ್ತಲು ಹೋಗಿ, ತೆರೆದ ನೆಲ ನೋಡಿ, ಕೈ ಅಲ್ಲೇ ಬಿಟ್ಟ.

"ಹೆದರಬೇಡ," ಎಂದಳು ಅವಳು. "ಎಲ್ಲಾ ಹೊರಗೆ ಬರ್ತಿದೆ."

ಅವನು ಗೋಡೆಯ ಕಡೆ ಕಣ್ಣು ಹಾಯಿಸಿದ.

ನಕ್ಷೆ ಸಾಹೇಬರು ಆಚೆ ಬದಿಯಲ್ಲಿ ನಿಂತು ಅವನತ್ತ ಬೆರಳು ಮಾಡಿದರು. "ಕೇಳಿ ಅವನನ್ನ, ಸೀಸೆಗೆ ನೀರು ಎಲ್ಲಿಂದ ತುಂಬಿಸ್ತಿದ್ದ ಅಂತ."

"ನೀವೇ ಹೇಳಿ ಸಾರ್, ಆಫೀಸಲ್ಲಿ ಕೂತು ಡ್ರಿಲ್ ಮಾಡೋದು ಹೇಗೆ ಅಂತ," ಎಂದ ತಮ್ಮ. ಅಷ್ಟರಲ್ಲಿ ಪೇದೆ ನಡುವೆ ಬಂದು ನಿಂತ. ಒಂಬತ್ತು ದಿನದಿಂದ ಅವರಿಬ್ಬರದೂ ಇದೇ ಪಾಡು, ಹಾವು ಮುಂಗುಸಿಯ ಹಾಗೆ. ಹೇಳಿಕೆಯಲ್ಲಿ ಒಬ್ಬ ಕರಿದು ಎಂದರೆ ಇನ್ನೊಬ್ಬ ಬಿಳಿದು ಎನ್ನುತ್ತಿದ್ದ.

ಮೂರಡಿಗೆ ಕಲ್ಲು. ನಾಲ್ಕಡಿಗೆ ಹಾರೆ ಠಣ್ ಎಂದಿತು.

"ಸಿಕ್ತು!" ಎಂದ ಆಳು.

ಮಣ್ಣು ಕೈಯಲ್ಲೇ ಬಳಿದರು. ವಾಲ್ವಿನಿಂದ ಹಿಂದಕ್ಕೆ ಹೋದ ಕೊಳವೆ ಎರಡು ಮಾರು ಸರಿಯಾಗಿಯೇ ಇತ್ತು. ಅಲ್ಲಿಗೆ ಮುಗಿಯಿತು. ತುದಿಗೆ ದುಂಡನೆಯ ಉಕ್ಕಿನ ತಟ್ಟೆ ಇಟ್ಟು, ಎಂಟು ಬೋಲ್ಟ್ ಬಿಗಿದು, ಮೇಲೆ ಕಪ್ಪು ಬಣ್ಣ ಬಳಿದಿತ್ತು. ಅಂದರೆ ಏಳನೇ ವಾಲ್ವನ್ನು ಯಾರು ಎಷ್ಟು ಸಲ ಯಾವ ಕಡೆ ತಿರುಗಿಸಿದರೂ ಒಂದು ಹನಿ ಬರುವಂತಿರಲಿಲ್ಲ. ಪ್ರವಾಹದ ದಿನ ತಮ್ಮ ತೆರೆದದ್ದು ಹಿಂದೆ ದಾರಿಯೇ ಇಲ್ಲದ ಬಾಗಿಲಿನಂಥ ವಾಲ್ವನ್ನು.

ಸೀಸೆಯಕ್ಕನ ಕಣ್ಣು ತುಂಬಿತು. ಉಲ್ಟಾ ತಿರುಗಿಸಲಿಲ್ಲ ನನ್ನ ತಮ್ಮ. ಇಷ್ಟು ಜನರ ಮುಂದೆ ಅದನ್ನು ಕೂಗಿ ಹೇಳಬೇಕೆನಿಸಿತು.

"ಹಾಗಾದ್ರೆ ಗುಡ್ಡದಿಂದ ಬಂದ ಕೊಳವೆ ಎಲ್ಲಿ?" ಎಂದು ಕೇಳಿದರು ಇನ್ಸ್‌ಪೆಕ್ಟರಮ್ಮ.

ಇನ್ನೊಂದು ಮಾರು ಅಗೆದರು. ಅದೂ ಸಿಕ್ಕಿತು. ಗುಡ್ಡದ ಕಡೆಯಿಂದ ನೇರ ಬಂದ ಹಳೇ ಕೊಳವೆಗೆ ಮೊಣಕೈಯಂತೆ ಬಾಗಿದ ಹೊಚ್ಚ ಹೊಸ ತುಂಡು ಸೇರಿಸಿ ಎಡಕ್ಕೆ ತಿರುಗಿಸಿತ್ತು. ಎರಡಡಿ ಮುಂದೆ ಅದು ಮಣ್ಣಿನೊಳಗೆ, ಗೋಡೆಯ ಕಡೆ ಹೋಗಿ ಮರೆಯಾಗಿತ್ತು.

ಅವಳು ಗುಂಡಿಗಿಳಿದಳು. ಉದ್ದನೆಯ ಕಬ್ಬಿಣದ ಕಡ್ಡಿಯ ಒಂದು ತುದಿಯನ್ನು ಕೊಳವೆಗೆ ಒತ್ತಿ, ಇನ್ನೊಂದನ್ನು ಕಿವಿಗೆ ಹಚ್ಚಿದಳು. ಒಳಗೆ ನೀರು ಬುಸುಗುಡುತ್ತ ಓಡುತ್ತಿತ್ತು. ಸಣ್ಣ ತೊಟ್ಟಲ್ಲ, ಕೊಳವೆ ತುಂಬ. ಊರು ಒಂಬತ್ತು ದಿನ ಕೊಡ ಹಿಡಿದು ಬೀದಿಯಲ್ಲಿ ನಿಂತಿದ್ದಾಗ, ಆಸ್ಪತ್ರೆಯಲ್ಲಿ ಇಬ್ಬರ ರಕ್ತ ಶುದ್ಧಿಯಾಗದೆ ಕೆಡುತ್ತಿದ್ದಾಗ, ನೀರು ಇಲ್ಲೇ ಕಾಲ ಕೆಳಗೆ ಎತ್ತಲೋ ಹೋಗುತ್ತಿತ್ತು.

ಆ ಬಾಗಿದ ತುಂಡಿನ ಸಂದಿನಲ್ಲಿ ನೂಲಿನಷ್ಟು ಸೋರುತ್ತಿತ್ತು. ಪ್ರಯೋಗಾಲಯದ ಕೋಟಿನ ಜೇಬಿನಿಂದ ಸೀಸೆ ತೆಗೆದು ಹಿಡಿದಳು. ಜೊತೆಗೆ ತಂದಿದ್ದ ಮೀಟರ್ ಅದ್ದಿದಳು. ಈ ಸಲ ಅಂಕಿ ಮೂಡಿದಾಗ ಓದಿದಳು, ಗಟ್ಟಿಯಾಗಿ, ಮೇಲೆ ನಿಂತವರಿಗೆಲ್ಲ ಕೇಳಿಸುವ ಹಾಗೆ.

"ಆರುನೂರ ಹನ್ನೊಂದು!"

"ಎಡಕ್ಕೆ ಏನಿದೆ?" ಇನ್ಸ್‌ಪೆಕ್ಟರಮ್ಮ ಸಾಹೇಬರ ಕಂಕುಳಿಂದ ನಕ್ಷೆ ಎಳೆದು ಬಿಡಿಸಿದರು. ಗೋಡೆಯ ಆಚೆ ಬೆರಳಿಟ್ಟರು. ಬಣ್ಣಬಣ್ಣದ ಆ ಹಾಳೆಯಲ್ಲಿ ಅಷ್ಟು ಜಾಗ ಮಾತ್ರ ಖಾಲಿ ಬಿಳಿ. ಬೀದಿ ಇಲ್ಲ, ಮನೆ ಇಲ್ಲ, ಹೆಸರೂ ಇಲ್ಲ. "ಇಲ್ಲೇನೂ ಇಲ್ವಲ್ಲ. ಇಲ್ಲದ ಜಾಗಕ್ಕೆ ಇಷ್ಟೊಂದು ನೀರು ಯಾಕೆ? ಏಯ್, ಕೊಳವೆ ಹಿಡ್ಕೊಂಡೇ ಎಡಕ್ಕೆ ಅಗೀರಿ. ಗೋಡೆ ಬುಡದವರೆಗೆ."

ಆಳು ಹಾರೆ ಎತ್ತಿದ.

"ಬೇಡ, ಮುಚ್ಚಿ," ಎಂದರು ನಕ್ಷೆ ಸಾಹೇಬರು.

"ಮುಚ್ಚಿಸು ಅಕ್ಕ," ಎಂದ ತಮ್ಮ, ಅದೇ ಉಸಿರಿನಲ್ಲಿ.

ಹಾರೆ ಮೇಲೆಯೇ ನಿಂತಿತು. ಒಂಬತ್ತು ದಿನ ಒಬ್ಬರನ್ನೊಬ್ಬರು ಕಚ್ಚಾಡಿದ ಎರಡು ಬಾಯಿಂದ ಒಂದೇ ಮಾತು ಬಿದ್ದಿತ್ತು. ಅದು ಅವರಿಬ್ಬರಿಗೂ ಕೇಳಿಸಿತು. ಸಾಹೇಬರು ತಮ್ಮನನ್ನು ನೋಡಿದರು. ತಮ್ಮ ಸಾಹೇಬರನ್ನು ನೋಡಿದ. ಆ ನೋಟದಲ್ಲಿ ಜಗಳವಿರಲಿಲ್ಲ.

ಲಾಕಪ್ಪಿನಲ್ಲಿ ಅವನು ಯಾಕೆ ನೆಲ ನೋಡಿದ್ದನೆಂದು ಸೀಸೆಯಕ್ಕನಿಗೆ ಈಗ ತಿಳಿಯಿತು. ಅದು ನಾಚಿಕೆಯಲ್ಲ. ಅವನಿಗೆ ಗೊತ್ತಿತ್ತು. ಮುಚ್ಚಿದ ಕೊಳವೆ ಎಂದು ಗೊತ್ತಿದ್ದೇ ಪ್ರವಾಹದ ದಿನ ತೋರಿಕೆಗೆ ವಾಲ್ವ್ ತಿರುಗಿಸಿದ್ದ.

"ಯಾಕೋ?" ಎಂದಳು ಗುಂಡಿಯೊಳಗಿಂದ. "ಗೋಡೆ ಆಚೆ ಏನಿದೆ?"

ಅವನು ಗುಂಡಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತ. ಅಳುತ್ತಿದ್ದ. "ನಿನ್ನ ಕಾಲಿಗೆ ಬೀಳ್ತೀನಿ ಅಕ್ಕ. ನಾನು ಜೈಲಿಗೆ ಹೋಗ್ತೀನಿ, ಕುಡಿದಿದ್ದೆ ಅಂತ ಒಪ್ಕೋತೀನಿ. ಇದನ್ನ ಮಾತ್ರ ಮುಚ್ಚಿಸು."

ಎರಡು ಗಂಟೆ ಬಾರಿಸಿತು. ಕೋರ್ಟಿಗೆ ಇನ್ನೊಂದೇ ಗಂಟೆ. ಇಷ್ಟಕ್ಕೇ ನಿಲ್ಲಿಸಿದರೆ ಅವನು ಮಾಡದ ತಪ್ಪಿಗೆ ಜೈಲಿಗೆ ಹೋಗುತ್ತಾನೆ. ಅಗೆದರೆ ಮಾಡಿದ ತಪ್ಪೇನೆಂದು ಹೊರಬೀಳುತ್ತದೆ. ಅವನಿಗೆ ಸ್ಲೇಟು ಹಿಡಿಸಿದವಳು ಅವಳು, ಕೈ ಹಿಡಿದು ಅಕ್ಷರ ತಿದ್ದಿಸಿದವಳು ಅವಳು. ಮೇಲೆ ಜನ ಖಾಲಿ ಕೊಡ ಹಿಡಿದು ನಿಂತೇ ಇದ್ದರು.

"ಎದ್ದೇಳು," ಎಂದಳು ಸೀಸೆಯಕ್ಕ. "ಕಳ್ಳನಾದ್ರೆ ಕಳ್ಳ ಅಂತ್ಲೇ ಜೈಲಿಗೆ ಹೋಗು, ನಾನೇ ಊಟ ತಂದ್ಕೊಡ್ತೀನಿ. ಕುಡುಕ ಅಂತ ಸುಳ್ಳು ಹೇಳ್ಕೊಂಡು ಹೋಗೋಕೆ ನಾನು ಬಿಡಲ್ಲ."

ಆಳು ಇನ್ನೂ ಹಿಂದೆಮುಂದೆ ನೋಡುತ್ತಿದ್ದ. ಅವಳು ಕೋಟಿನ ತೋಳು ಮಡಚಿ, ಅವನ ಕೈಯಿಂದ ಹಾರೆ ಕಿತ್ತುಕೊಂಡು, ಎಡಗಡೆಯ ಮಣ್ಣಿಗೆ ಮೊದಲ ಏಟು ಹಾಕಿದಳು. ಗೋಡೆಯ ಆಚೆ, ನಕ್ಷೆಯಲ್ಲಿ ಖಾಲಿ ಬಿಟ್ಟ ಆ ಜಾಗದಿಂದ, ಯಾರೋ ಒಬ್ಬರು ಅದಕ್ಕೆ ಉತ್ತರವೆಂಬಂತೆ ಕೊಳವೆಯನ್ನು ಮೂರು ಸಲ ಬಡಿದರು.